ಹದಿಹರೆಯದ ಪ್ರೇಮ ಮತ್ತು ಮೊಬೈಲ್ ದಿನಚರಿ: ಗಡಿ ಪ್ರದೇಶಗಳಲ್ಲಿ ಒಂದು ಅಧ್ಯಯನ ವಿಧಾನ

ಹದಿಹರೆಯದ ಪ್ರೇಮಸಂಬಂಧಗಳನ್ನು ಅರಿಯಲು ಸಂದರ್ಶನವೊಂದೇ ಸಾಲದು. ಕಳೆದುದನ್ನು ನೆನೆದು ಹೇಳುವವರು ಅದನ್ನು ಇಂದಿನ ಮನಸ್ಸಿಗೆ ಹೊಂದಿಸಿಕೊಂಡೇ ಹೇಳುತ್ತಾರೆ. ಈ ಕೊರತೆಯನ್ನು ನೀಗಲು 1970ರ ದಶಕದಲ್ಲಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಮತ್ತು ರೀಡ್ ಲಾರ್ಸನ್ ಅವರು ಅಮೆರಿಕದ ಹದಿಹರೆಯದವರಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಕ್ಷಣದ ಕೆಲಸ ಮತ್ತು ಭಾವವನ್ನು ಬರೆಯಿಸಿದರು. ಮೊಬೈಲ್ ದಿನಚರಿ ಅದೇ ವಿಧಾನದ ಮುಂದುವರಿಕೆ. ಭಾಗವಹಿಸುವವರು ಕೆಲವು ವಾರ ಕಿರುಬರಹ, ಧ್ವನಿಮುದ್ರಿಕೆಗಳನ್ನು ಕಳುಹಿಸುತ್ತಾರೆ. ಬಳಿಕ ಅವನ್ನೇ ಮುಂದಿಟ್ಟುಕೊಂಡು ಸಂದರ್ಶನ ನಡೆಯುತ್ತದೆ.

ರಾಯದುರ್ಗ, ಮಡಕಶಿರಾಗಳಲ್ಲಿ ಈ ವಿಧಾನಕ್ಕೆ ವಿಶೇಷ ಅರ್ಥವಿದೆ. ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅದರ ಮೂರು ಕಡೆಗೂ ಕರ್ನಾಟಕ. ಕನ್ನಡ, ತೆಲುಗು ಎರಡೂ ಬಳಕೆಯಲ್ಲಿರುವ ಇಂಥಲ್ಲಿ ದಿನಚರಿಯ ಭಾಷೆಯೇ ಆಕರವಾಗುತ್ತದೆ. ಒಬ್ಬ ಹುಡುಗಿ ಸಹಪಾಠಿಯನ್ನು ಎಂದಿನವರೆಗೆ ‘ಅವರು’ ಎಂದಳು, ಎಂದಿನಿಂದ ‘ಅವನು’ ಎಂದಳು, ‘ಇಷ್ಟ’ ಎಂಬುದು ಯಾವ ದಿನ ‘ಪ್ರೀತಿ’ ಅಥವಾ ‘ಲವ್’ ಆಯಿತು, ಯಾವ ಮಾತಿಗೆ ತೆಲುಗಿಗೆ ಹೊರಳಿದಳು ಎಂಬುದನ್ನು ನೆನಪು ಉಳಿಸಿಕೊಳ್ಳದು; ದಿನಚರಿ ದಿನಾಂಕಸಹಿತ ಉಳಿಸಿಕೊಳ್ಳುತ್ತದೆ. ಆದುದರಿಂದ ‘ಕನ್ನಡದಲ್ಲೇ ಬರೆಯಿರಿ’ ಎಂಬ ಸೂಚನೆ, ಅದು ಭಾಷಾಭಿಮಾನದಿಂದ ಬಂದರೂ, ಆಕರವನ್ನೇ ಕೆಡಿಸುತ್ತದೆ. ಲಿಪಿಯ ಆಯ್ಕೆಯೂ ಬರೆಯುವವರದೇ ಆಗಿರಬೇಕು.

ಆದರೆ ಫೋನು ಖಾಸಗಿ ಪುಸ್ತಕವಲ್ಲ. ಒಂದೇ ಫೋನನ್ನು ಅಣ್ಣನೂ ತಂದೆಯೂ ಬಳಸುವ ಮನೆಯಲ್ಲಿ ತೆರೆಯ ಮೇಲೆ ಮೂಡುವ ಒಂದು ಸೂಚನೆ ಹುಡುಗಿಯ ಓದನ್ನೇ ನಿಲ್ಲಿಸಬಹುದು. ಆದ್ದರಿಂದ ಸಂಶೋಧಕರ ಕಡೆಯಿಂದ ನೆನಪೋಲೆಗಳು ಹೋಗಬಾರದು. ಕಳುಹಿಸಿದ ಬರಹ ಫೋನಿನಲ್ಲಿ ಉಳಿಯಬಾರದು. ಫೋನು ಕೈಗೆ ಸಿಗದವರಿಗೆ ಕಾಗದದ ದಿನಚರಿಯ ಅವಕಾಶವಿರಬೇಕು.

ಸಮ್ಮತಿಯ ಪ್ರಶ್ನೆ ಇನ್ನೂ ತೊಡಕಿನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪಾಲಕರ ಅನುಮತಿಯೊಂದಿಗೆ ಮಕ್ಕಳ ಒಪ್ಪಿಗೆಯನ್ನೂ ಕೇಳುತ್ತದೆ. ಪ್ರೇಮಿಸುವವರನ್ನಷ್ಟೇ ಆರಿಸಿದರೆ ಅನುಮತಿಪತ್ರವೇ ಗುಟ್ಟನ್ನು ಬಯಲುಮಾಡುತ್ತದೆ; ಇಡೀ ತರಗತಿಯನ್ನು ಆಹ್ವಾನಿಸಿದರೆ ಹಾಗಾಗದು. 2012ರ ಪೋಕ್ಸೊ ಕಾಯ್ದೆಯಡಿ ಹದಿನೆಂಟರೊಳಗಿನವರ ಲೈಂಗಿಕ ಸಂಬಂಧಕ್ಕೆ ಅವರ ಸಮ್ಮತಿ ಲೆಕ್ಕಕ್ಕೆ ಬಾರದು. ಅಪರಾಧದ ಅರಿವಾದವರು ವರದಿ ಮಾಡಲೇಬೇಕೆಂದು ಅದರ 19ನೆಯ ಕಲಮು ವಿಧಿಸುತ್ತದೆ. ಸಂಶೋಧಕರೂ ಇದಕ್ಕೆ ಹೊರತಲ್ಲ. ಗೋಪ್ಯತೆಯ ಈ ಮಿತಿಯನ್ನು ಮೊದಲ ದಿನವೇ, ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಅದನ್ನು ಕೇಳಿ ಕೆಲವರು ಬರೆಯದೆ ಹೋದರೆ ಆಕರ ಕಡಿಮೆಯಾಗುತ್ತದೆ. ಹೇಳದೆ ಬರೆಯಿಸಿದರೆ ನಂಬಿಕೆಗೇ ದ್ರೋಹವಾಗುತ್ತದೆ.