ಪಟ್ಟದರಸಿ ಶಾಂತಲೆಯ ಮೇಲೆ ಹೊರಿಸಿದ ಕಥೆ

ಹ್ಯಾಂಡ್‌ಪೋಸ್ಟಿನ ಸುತ್ತಮುತ್ತಲಿಂದ ಬೇಲೂರು, ಶ್ರವಣಬೆಳಗೊಳಗಳ ಪ್ರವಾಸಕ್ಕೆ ಹೊರಡುವ ನಮ್ಮ ಕುಟುಂಬಗಳು ಪಟ್ಟಮಹಾದೇವಿ ಶಾಂತಲೆಯ ಹೆಸರನ್ನು ಕೇಳದೆ ಹಿಂದಿರುಗುವುದಿಲ್ಲ. ಮಕ್ಕಳಿಲ್ಲದ ಕೊರಗಿನಿಂದ, ಪತಿಯು ಮತ್ತೊಂದು ಮದುವೆಯಾಗಲೆಂದು, ಆಕೆ ಶಿವಗಂಗೆಯ ಬೆಟ್ಟದಿಂದ ಧುಮುಕಿದಳೆಂಬ ಕಥೆಯನ್ನೂ ನಾವು ಕೇಳಿದ್ದೇವೆ. ಶಾಸನಗಳು ತೋರಿಸುವ ಶಾಂತಲೆಯೇ ಬೇರೆ.

ಶೈವನಾದ ಮಾರಸಿಂಗಯ್ಯ ಹಾಗೂ ಜೈನಳಾದ ಮಾಚಿಕಬ್ಬೆಯರ ಮಗಳು ಈಕೆ. 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನ ಮಡದಿ. ತಾನು ಜೈನಳಾಗಿಯೇ ಉಳಿದರೂ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯೊಂದನ್ನು ಕಟ್ಟಿಸಿ, ಮೊಟ್ಟೆನವಿಲೆ ಗ್ರಾಮವನ್ನು ದತ್ತಿ ಬಿಟ್ಟಳು. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಗಿದ್ದ ಪರಿಣತಿಯನ್ನು ಶಾಸನ ಹೊಗಳುತ್ತದೆ.

ಆ ಬಸದಿಯ ಹೆಸರು ಸವತಿಗಂಧವಾರಣ, ಅಂದರೆ ಸವತಿಯರ ಪಾಲಿನ ಮದ್ದಾನೆ. ಅದು ರಾಣಿಯದೇ ಬಿರುದು. ಅರಮನೆಯಲ್ಲಿ ಸವತಿಯರು ಇದ್ದುದಕ್ಕೆ ಇದೇ ಸಾಕ್ಷಿ. ಹೀಗಿರುವಾಗ ಅರಸನ ಮರುಮದುವೆಗಾಗಿ ಆಕೆ ಸಾಯಬೇಕಾಗಿತ್ತೆ? 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳೆಂದು ಶಾಸನ ತಿಳಿಸುತ್ತದೆಯೇ ಹೊರತು ಬಂಜೆತನದ ಮಾತನ್ನೆತ್ತುವುದಿಲ್ಲ. ಮಗಳನ್ನು ಕಳೆದುಕೊಂಡ ಮಾಚಿಕಬ್ಬೆ ಬೆಳಗೊಳದಲ್ಲಿ ತಿಂಗಳ ಕಾಲ ಉಪವಾಸವಿದ್ದು ದೇಹ ಬಿಟ್ಟಳು. ಮುಂದೆ ಪಟ್ಟವೇರಿದ ನರಸಿಂಹನು ಮತ್ತೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. ಜನರ ಕಥೆಗೆ ಇಷ್ಟೇ ಸಾಕಾಗಿರಬೇಕು.

ಗಂಡುಮಗುವಿನಿಂದ ರಾಣಿಯನ್ನು ಅಳೆಯುವ ಈ ರೂಢಿ ಕ್ರೈಸ್ತ ಯೂರೋಪಿನಲ್ಲಿಯೂ ಇತ್ತು. 1137ರಲ್ಲಿ ಫ್ರಾನ್ಸಿನ ಏಳನೆಯ ಲೂಯಿಯನ್ನು ವರಿಸಿದ ಅಕ್ವಿಟೇನಿನ ಎಲಿನೋರಳಿಗೆ ಇಬ್ಬರೂ ಹೆಣ್ಣುಮಕ್ಕಳೇ. ರಕ್ತಸಂಬಂಧದ ಕಾರಣವೊಡ್ಡಿ 1152ರಲ್ಲಿ ಬಿಷಪರು ಆ ವಿವಾಹವನ್ನು ಅಸಿಂಧುವೆಂದು ಸಾರಿದರು. ಅದೇ ವರ್ಷ ಆಕೆ ವರಿಸಿದ ಹೆನ್ರಿ 1154ರಲ್ಲಿ ಇಂಗ್ಲೆಂಡಿನ ಅರಸನಾದನು. ಆತನೂ ರಕ್ತಸಂಬಂಧಿಯೇ! ಆತನಿಂದ ಐವರು ಗಂಡುಮಕ್ಕಳು ಜನಿಸಿದರು.

ಧರ್ಮಸಭೆಯ ಇಂದಿನ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1983ರ ಸಂಹಿತೆಯ 1084ನೆಯ ವಿಧಿಯಂತೆ ಬಂಜೆತನವು ವಿವಾಹವನ್ನು ನಿಷೇಧಿಸುವುದೂ ಇಲ್ಲ, ಅಸಿಂಧುಗೊಳಿಸುವುದೂ ಇಲ್ಲ. ಆದರೂ ನಮ್ಮ ಮನೆಗಳ ನಾಮಕರಣ, ಸೀಮಂತಗಳಲ್ಲಿ ಮಡಿಲು ತುಂಬದ ಸೊಸೆ ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗುವುದುಂಟು. ಗುಡಿ, ಬಸದಿಗಳನ್ನು ಕಟ್ಟಿಸಿದ ಪಟ್ಟದರಸಿಯನ್ನೇ ಬಂಜೆಯೆಂಬ ಒಂದು ಮಾತಿಗೆ ಇಳಿಸಿದ ನಾಲಗೆ ನಮ್ಮದು. ಮುಂದಿನ ಸಮಾರಂಭದಲ್ಲಿ ಅದನ್ನು ಬಿಗಿಹಿಡಿದು, ಆ ಸೊಸೆಯನ್ನು ಮುಂದಕ್ಕೆ ಕರೆಯೋಣ.