ಕಾಗಿಣಾ ತೀರದ ನೆಲವನ್ನು ಗಣಕಯಂತ್ರದೊಳಗೆ ಕಟ್ಟುವ ಬಗೆ

ವಿಡಿಯೋ ಆಟಗಳಲ್ಲಿ ಆಟಗಾರನು ಓಡಾಡುವ ನೆಲಕ್ಕೆ ‘ಮ್ಯಾಪ್’ ಎಂದು ಹೆಸರು. 1993ರಲ್ಲಿ ಹೊರಬಂದ ‘ಡೂಮ್’ ಆಟವು ತನ್ನ ಮ್ಯಾಪುಗಳನ್ನು ಪ್ರತ್ಯೇಕ ಕಡತದಲ್ಲಿ ಇರಿಸಿದ್ದುದರಿಂದ, ಆಡುವವರೇ ಹೊಸ ಮ್ಯಾಪುಗಳನ್ನು ರಚಿಸತೊಡಗಿದರು. 2001ರ ‘ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್’ ರೈಲುಮಾರ್ಗಗಳನ್ನು ಕಟ್ಟುವ ಉಪಕರಣವನ್ನೂ ಜೊತೆಯಲ್ಲಿಯೇ ಒದಗಿಸಿತು. ಈಗ ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನು ಒಳಗೊಂಡ ಸೀಮೆಯನ್ನು ಹೀಗೆ ಕಟ್ಟಬೇಕಾದರೆ ಏನೇನು ಮಾಡಬೇಕಾಗುವುದೆಂದು ನೋಡೋಣ.

ಮೊದಲು ಬೇಕಾದುದು ನೆಲದ ಏರುತಗ್ಗುಗಳ ಲೆಕ್ಕ. 2000ದ ಫೆಬ್ರವರಿಯಲ್ಲಿ ‘ಎಂಡೆವರ್’ ಅಂತರಿಕ್ಷ ನೌಕೆಯು 11 ದಿನಗಳ ಯಾನದಲ್ಲಿ ಭೂಭಾಗದ ನೂರಕ್ಕೆ ಸುಮಾರು 80ರಷ್ಟನ್ನು ರಾಡಾರಿನಿಂದ ಅಳೆಯಿತು. ಒಂದು ಆಂಟೆನಾ ನೌಕೆಯಲ್ಲಿದ್ದಿತು. ಇನ್ನೊಂದು 60 ಮೀಟರ್ ಉದ್ದದ ತೋಳಿನ ತುದಿಯಲ್ಲಿ. ನೆಲದಿಂದ ಮರಳಿದ ಅಲೆಯು ಎರಡನ್ನೂ ಏಕಕಾಲದಲ್ಲಿ ಮುಟ್ಟದು. ಆ ಅತ್ಯಲ್ಪ ವ್ಯತ್ಯಾಸದಿಂದಲೇ ಎತ್ತರವನ್ನು ಗಣಿಸಿದರು. ಸುಮಾರು 30 ಮೀಟರಿಗೊಂದರಂತೆ ಎತ್ತರದ ಅಂಕಿಗಳು ಇಂದು ಯಾರಿಗಾದರೂ ಉಚಿತವಾಗಿ ದೊರೆಯುವುವು. ನಮ್ಮ ಐದೂ ಊರುಗಳು 60 ಕಿಲೋಮೀಟರ್ ಚೌಕದೊಳಗೆ ಅಡಗುವುವಷ್ಟೆ. ಅಂದರೆ 40 ಲಕ್ಷ ಅಂಕಿಗಳು. ಇದು ಗಣಕಯಂತ್ರಕ್ಕೆ ತೃಣಪ್ರಾಯ. ಆದರೆ ಮೀಟರಿಗೊಂದು ಅಂಕಿ ಬೇಕೆಂದರೆ 360 ಕೋಟಿಯಾಗುವುದು! ಆದುದರಿಂದ ನೆಲವನ್ನು ತುಂಡುತುಂಡಾಗಿಸಿ, ಆಟಗಾರನ ಸಮೀಪದ ತುಂಡನ್ನು ಸೂಕ್ಷ್ಮವಾಗಿಯೂ ದೂರದ್ದನ್ನು ಒರಟಾಗಿಯೂ ತೋರಿಸುವರು.

ಇಲ್ಲಿ ಎರಡು ಎಡವುಗಲ್ಲುಗಳಿವೆ. ಎತ್ತರಗಳನ್ನು ಬೂದುಬಣ್ಣದ ಚಿತ್ರವಾಗಿ, ತಗ್ಗು ಕಪ್ಪಾಗಿ ಉಬ್ಬು ಬೆಳ್ಳಗಾಗಿ, ಉಳಿಸುವುದು ವಾಡಿಕೆ. ಸಾಮಾನ್ಯ ಚಿತ್ರದಲ್ಲಿ ಬೂದುಬಣ್ಣದ ಛಾಯೆಗಳು 256 ಮಾತ್ರ. ಒಟ್ಟು 300 ಮೀಟರ್ ಎತ್ತರವನ್ನು ಅವಕ್ಕೆ ಹಂಚಿದರೆ ಒಂದೊಂದು ಮೆಟ್ಟಿಲು 1.2 ಮೀಟರ್, ಸೇಡಮಿನ ಸಮತಟ್ಟಾದ ತೊಗರಿಹೊಲವು ಮಲೆನಾಡಿನ ಗದ್ದೆಯಂತೆ ಹಂತಹಂತವಾಗಿ ಕಾಣುವುದು. 65,536 ಛಾಯೆಗಳ ಚಿತ್ರವನ್ನು ಬಳಸಿದರೆ ಮೆಟ್ಟಿಲು ಅರ್ಧ ಸೆಂಟಿಮೀಟರಿಗಿಂತಲೂ ಕಿರಿದಾಗುವುದು. ಎರಡನೆಯದು, ಅಳತೆಯ ಮನೆಗಳು ನಿಜವಾಗಿ ಚೌಕವಲ್ಲ. ರೇಖಾಂಶಗಳು ಧ್ರುವದತ್ತ ಒಂದುಗೂಡುತ್ತ ಹೋಗುವುದರಿಂದ, 17 ಡಿಗ್ರಿ ಅಕ್ಷಾಂಶದ ಈ ಸೀಮೆಯಲ್ಲಿ ಪೂರ್ವಪಶ್ಚಿಮದ ಅಳತೆ ನೂರಕ್ಕೆ ಸುಮಾರು 4ರಷ್ಟು ಕಡಿಮೆ. ಇದನ್ನು ಮರೆತವನ ಮ್ಯಾಪಿನಲ್ಲಿ ಶಹಾಬಾದದಿಂದ ಚಿಂಚೋಳಿಯು 2 ಕಿಲೋಮೀಟರಿನಷ್ಟು ಪೂರ್ವಕ್ಕೆ ಸರಿದಿರುವುದು.

ಆಟವೂ ತನ್ನದೇ ಮಿತಿಯನ್ನು ಹೇರುತ್ತದೆ. ‘ಸಿಟೀಸ್: ಸ್ಕೈಲೈನ್ಸ್’ ಎಂಬ 2015ರ ಆಟವು ಒಂದು ಬದಿಗೆ 1,081 ಬಿಂದುಗಳ ಚಿತ್ರವನ್ನು ಸ್ವೀಕರಿಸುತ್ತದೆ, ಬಿಂದುಗಳ ನಡುವೆ 16 ಮೀಟರ್, ಎಂದರೆ 17.28 ಕಿಲೋಮೀಟರ್. ಶಹಾಬಾದ, ವಾಡಿ, ಚಿತ್ತಾಪುರಗಳು ಇದರಲ್ಲಿ ಹೇಗೋ ಹಿಡಿಸುವುವು. ಸೇಡಂ, ಚಿಂಚೋಳಿಗಳು ಹೊರಗುಳಿಯುವುವು. ನೆಲವನ್ನು ಕುಗ್ಗಿಸಿ ಐದನ್ನೂ ತುರುಕುವವರುಂಟು. ನಮಗೆ ಅದು ರುಚಿಸದು. ಊರಿಂದೂರಿಗಿರುವ ದೂರವೂ ಊರಿನ ಲಕ್ಷಣವೇ ಅಲ್ಲವೇ?

ಮುಂದಿನದು ರೈಲುಮಾರ್ಗ. 1874ರಲ್ಲಿ ತೆರೆದ ಸಿಕಂದರಾಬಾದ್–ವಾಡಿ ಮಾರ್ಗವು ಸೇಡಂ, ಚಿತ್ತಾಪುರಗಳ ಮೇಲೆಯೇ ಸಾಗುತ್ತದೆ. ಹಳಿಯನ್ನು ಎತ್ತರದ ಅಂಕಿಗಳ ಮೇಲೆ ಹಾಗೆಯೇ ಹಾಸಿದರೆ ಅನಾಹುತ! ಅಕ್ಕಪಕ್ಕದ ಎರಡು ಅಂಕಿಗಳಲ್ಲಿ 3 ಮೀಟರ್ ತಪ್ಪಿದ್ದರೂ, 30 ಮೀಟರಿನಲ್ಲಿ 3 ಮೀಟರ್ ಏರು. ಬಯಲುನಾಡಿನ ಮುಖ್ಯಮಾರ್ಗದಲ್ಲಿ 100 ಮೀಟರಿಗೆ 1 ಮೀಟರ್ ಏರುವುದೇ ಕಡಿದಾದುದು. ಆದುದರಿಂದ ಮೊದಲು ಹಳಿಯ ನಯವಾದ ರೇಖೆಯನ್ನು ಎಳೆದು, ಅನಂತರ ನೆಲವನ್ನೇ ಅದಕ್ಕೆ ತಕ್ಕಂತೆ ಕಡಿಯುವರು, ತುಂಬುವರು. ಹಿಂದೆ ಕೂಲಿಗಳು ಗುದ್ದಲಿ ಬುಟ್ಟಿಗಳಿಂದ ಮಾಡಿದುದೂ ಇದನ್ನೇ.

ಮೇಲ್ಮೈಗೆ ಬಣ್ಣ ಕೊಡುವಾಗ ಭೂವಿಜ್ಞಾನವನ್ನು ತಿಳಿದಿರಬೇಕು. ಶಹಾಬಾದ, ವಾಡಿಗಳ ಕೆಳಗೆ ಪದರಪದರವಾದ ಸುಣ್ಣದಕಲ್ಲು. ಮನೆಮನೆಯ ನೆಲಕ್ಕೆ ಹಾಸುವ ಫರಸಿಯೂ ಸಿಮೆಂಟಿನ ಕಚ್ಚಾವಸ್ತುವೂ ಅದರಿಂದಲೇ. ಚಿಂಚೋಳಿಯತ್ತ ಲಾವಾಶಿಲೆಯೂ ಅದರ ನೆತ್ತಿಯ ಮೇಲೆ ಕೆಂಪು ಜಂಬಿಟ್ಟಿಗೆಯೂ ಇವೆ. ಋತುವನ್ನೂ ನಿರ್ಧರಿಸಬೇಕು: ಮೇ ತಿಂಗಳಲ್ಲಿ ಬಿರುಕುಬಿಟ್ಟ ಎರೆನೆಲವು ನವೆಂಬರಿನಲ್ಲಿ ತೊಗರಿಯ ಹಸಿರಾಗಿರುವುದು.

ಇಷ್ಟಾದರೂ ರಾಡಾರು ಹೇಳಿದ್ದೆಲ್ಲ ಇಂದಿನ ಸತ್ಯವಲ್ಲ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಕಾಡಿನಲ್ಲಿ ಅದರ ಅಲೆಯು ಬಹುಪಾಲು ಮರಗಳ ತಲೆಯಿಂದಲೇ ಹಿಂದಿರುಗಿತು. ಆ ಅಂಕಿಗಳ ಮೇಲೆ ಮತ್ತೆ ಮರ ನೆಟ್ಟರೆ ಮರದ ಮೇಲೆ ಮರ ನೆಟ್ಟಂತಾಗುವುದು. ಕಲ್ಲುಗಣಿಗಳದು ಇನ್ನೂ ದೊಡ್ಡ ತೊಡಕು. 2000ದ ತರುವಾಯ ತೋಡಿದ ಗುಂಡಿಗಳು ಆ ಅಂಕಿಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಇನ್ನೂ ಹೊಲವಿದೆ. ಉಪಗ್ರಹಚಿತ್ರದಿಂದ ಗುಂಡಿಯ ಅಂಚನ್ನು ಗುರುತಿಸಬಹುದು, ಆಳ ತಿಳಿಯದು. ಗಣಿಯ ಒಂದು ಛಾಯಾಚಿತ್ರದಲ್ಲಿ ತಳದಲ್ಲಿ ಲಾರಿ ನಿಂತಿದ್ದರೆ, ಅದರ ಎತ್ತರದೊಡನೆ ಗೋಡೆಯನ್ನು ಹೋಲಿಸಿ ಆಳವನ್ನು ಅಂದಾಜು ಮಾಡುವುದುಂಟು.

ದಾರಿ, ಹಳ್ಳ, ಓಣಿಗಳ ರೇಖೆಗಳನ್ನು 2004ರಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಸಾರ್ವಜನಿಕ ಭೂಪಟದಿಂದ ಪಡೆಯುವುದು ಸುಲಭ. ಅದನ್ನು ತುಂಬುವವರು ಸ್ವಯಂಸೇವಕರು. ಯಾರೂ ಗುರುತಿಸದ ಓಣಿ ಅಲ್ಲಿರದು, ಆದುದರಿಂದ ಆಟದೊಳಗೂ ಇರದು. ಪ್ರತಿಯೊಂದು ಊರಿಗೂ ಹಳ್ಳಕ್ಕೂ ಕನ್ನಡ ಹೆಸರನ್ನು ಬರೆಯಲು ಅಲ್ಲಿ ಬೇರೆಯೇ ಮನೆಯುಂಟು. ಸೇಡಮಿನ ಅಥವಾ ಚಿತ್ತಾಪುರದ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಹಳ್ಳದ ಹೆಸರನ್ನು ಅಲ್ಲಿ ತುಂಬಲು ಕಾಲುಗಂಟೆಯೂ ಹಿಡಿಯದು.