ಕಾವಿನ ಹೇಂಟೆಯೂ ಗೂಡಿನ ಸೆಕೆಯೂ

ಪೆರಾಬೆಯ ಕಡೆ ಮಾರ್ಚಿಯಿಂದ ಮೇ ತಿಂಗಳವರೆಗೆ ಕಾವಿಗಿಟ್ಟ ಮೊಟ್ಟೆಗಳು ಗೂಡಿನ ಸೆಕೆಯಿಂದಲೇ ಕೆಡುವ ಸಂಭವವುಂಟು. ಪಿಂಡದ ಬೆಳವಣಿಗೆಗೆ ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್ ಶಾಖವು ಬೇಕು; 105 ಡಿಗ್ರಿಗೇರಿ ನಿಂತರೆ ಅದು ಸಾಯಬಹುದು. ತಗಡಿನ ಮಾಡಿನ ಕೆಳಗೆ, ಹೇಂಟೆಯು ಸೆಕೆ ತಾಳಲಾರದೆ ಎದ್ದುಹೋದರೂ ಮೊಟ್ಟೆಗಳು ತಣಿಯಲಾರವು. ಆದುದರಿಂದ ಗೂಡನ್ನು ಅಡಕೆ ತೋಟದ ನೆರಳಿನಲ್ಲಿಟ್ಟು, ಮಾಡಿಗೆ ಸೋಗೆ ಹೊದಿಸಿ, ಗಾಳಿಯಾಡುವಂತೆ ಮಾಡತಕ್ಕದ್ದು. ಊರ ಹೇಂಟೆಯೊಂದಕ್ಕೆ ವಾರದೊಳಗೆ ಇಟ್ಟ 10-12 ಮೊಟ್ಟೆಗಳು ಸಾಕು. ಕಾಳು, ತಣ್ಣೀರು ಸಮೀಪದಲ್ಲಿಯೇ ಇರಬೇಕು. 7ನೆಯ ರಾತ್ರಿ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿ, ರಕ್ತನಾಳ ಕಾಣದವುಗಳನ್ನು ತೆಗೆಯತಕ್ಕದ್ದು. ಸುಮಾರು 21ನೆಯ ದಿನ ಮರಿಗಳು ಹೊರಬರುವುವು. ಆಗ ಹೇಂಟೆಯನ್ನು ಎಬ್ಬಿಸಕೂಡದು. ನೆರಳಿಗೆ ಖರ್ಚಿಲ್ಲ, ನೆರಳಿಲ್ಲದಿದ್ದರೆ ಮೂರು ವಾರದ ಕಾವು ವ್ಯರ್ಥವಾದೀತು.